ಓದದ ಪುಸ್ತಕ ಮಾರುವುದಿಲ್ಲ

ಶಾಲೆಯ ಗೇಟಿನ ಹೊರಗೆ ಯಾರೋ ಸೀಟಿ ಊದಿದಾಗ ಬೆಳಗಿನ ಎರಡನೆಯ ಪೀರಿಯಡ್ಡು ನಡೆಯುತ್ತಿತ್ತು. ಆಟದ ಮೇಷ್ಟರು ಆ ದಿನ ರಜೆಯಲ್ಲಿದ್ದರು. ಸೀಟಿ ಯಾರದೆಂದು ತಿಳಿಯದೆ ಏಳನೆಯ ತರಗತಿಯ ಮಕ್ಕಳು ಅರ್ಧ ಎದ್ದು, ಅರ್ಧ ಕೂತರು. ಸಂಧಿ ಬಿಡಿಸುವುದನ್ನು ಹೇಳಿಕೊಡುತ್ತಿದ್ದ ಕನ್ನಡ ಮೇಷ್ಟರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಊದಿದವನಿಗೆ ನಾಲ್ಕು ಮಾತು ಅನ್ನಲೆಂದೇ ಹೊರಗೆ ಬಂದರು.

ಒಂದು ಕಾಲದಲ್ಲಿ ಅಂಗಡಿಗಳಿಗೆ ಬ್ರೆಡ್ಡು ಹಂಚುತ್ತಿದ್ದ ಹಳೆಯ ವ್ಯಾನೊಂದು ಗೇಟಿನ ಪಕ್ಕದಲ್ಲಿ ನಿಂತಿತ್ತು. ಅದಕ್ಕೆ ಹಸಿರು ಬಣ್ಣ ಬಳಿದಿದ್ದರೂ ಬಿಸಿಲು ಬಿದ್ದ ಕಡೆ ಬೇಕರಿಯ ಹಳೆಯ ಅಕ್ಷರಗಳು ಒಳಗಿನಿಂದ ಇಣುಕುತ್ತಿದ್ದವು. ಹಿಂದಿನ ಎರಡು ಬಾಗಿಲುಗಳೂ ತೆರೆದಿದ್ದವು. ಒಳಗೆ ಮೂರು ಕಡೆಗೂ ಮರದ ಹಲಗೆಗಳು, ಹಲಗೆಗಳ ಮೇಲೆ ಪುಸ್ತಕಗಳು. ಬಾಗಿಲಿನ ಮೇಲೆ ಬಿಳಿಯ ದಪ್ಪ ಅಕ್ಷರಗಳಲ್ಲಿ ‘ಓದದ ಪುಸ್ತಕ ಮಾರುವುದಿಲ್ಲ’ ಎಂದು ಬರೆದಿತ್ತು. ಪಕ್ಕದಲ್ಲಿ ತೆಳ್ಳನೆಯ ಮನುಷ್ಯನೊಬ್ಬ ನಿಂತಿದ್ದ. ವಯಸ್ಸು ನಲವತ್ತೇಳೋ ನಲವತ್ತೆಂಟೋ. ಹೆಗಲಲ್ಲಿ ಚರ್ಮದ ಚೀಲ, ಕೊರಳಲ್ಲಿ ಸೀಟಿ.

“ಯಾರಪ್ಪಾ ನೀನು? ಇದು ಶಾಲೆ, ಬಸ್ ಸ್ಟ್ಯಾಂಡ್ ಅಲ್ಲ.”

“ತಪ್ಪಾಯ್ತು ಸಾರ್. ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದೆ. ನಿಂತ್ರೆ ಒಂದು ಸೀಟಿ, ಹೊರಟ್ರೆ ಎರಡು. ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ.”

ಮೇಷ್ಟರ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಅವರು ಬಾಗಿಲಿನ ಮೇಲಿನ ಬೋರ್ಡಿನ ಕಡೆ ಕೈ ತೋರಿಸಿ, “ಇದೇನು, ನೀನು ಇಷ್ಟೂ ಓದಿದ್ದೀಯಾ?” ಎಂದು ಕೇಳಿದರು.

“ಎಂಬತ್ತನಾಲ್ಕು ಸಾರ್. ಇಷ್ಟೂ ಓದಿದ್ದೀನಿ. ಓದದೇ ಹೇಗೆ ಮಾರೋದು? ಈ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಕಂಡಕ್ಟರಿಗೇ ಗೊತ್ತಿಲ್ಲದಿದ್ರೆ ಜನ ಹತ್ತುತ್ತಾರಾ?”

ಮೇಷ್ಟರು ಕೈಗೆ ಸಿಕ್ಕ ಒಂದು ಪುಸ್ತಕವನ್ನು ತೆಗೆದರು. ಅದರೊಳಗೆ ಬಸ್ ಟಿಕೆಟ್ಟಿನಷ್ಟೇ ಅಗಲದ ಹಳದಿ ಚೀಟಿಯೊಂದಿತ್ತು. ‘ಓದಿದ್ದೇನೆ. ಮುದುಕಿ ಕೋಳಿಗೆ ಬುದ್ಧಿ ಹೇಳುವ ಜಾಗದಲ್ಲಿ ನಾನು ಸ್ಟಾಪಿನ ಹೆಸರು ಕೂಗುವುದನ್ನೇ ಮರೆತೆ’ ಎಂದು ಅದರಲ್ಲಿ ಬರೆದಿತ್ತು. ಇನ್ನೊಂದನ್ನು ತೆಗೆದರು. ‘ಓದಿದ್ದೇನೆ. ಮೊದಲ ಮೂವತ್ತು ಪುಟ ಏರುದಾರಿ. ಆಮೇಲೆ ಇಳಿಜಾರು.’ ಪರೀಕ್ಷೆ ಮಾಡುವುದು ಮೇಷ್ಟರ ರಕ್ತದಲ್ಲಿಯೇ ಇದ್ದುದರಿಂದ ಅವರು ನಾಲ್ಕು ಪುಸ್ತಕಗಳನ್ನು ಎತ್ತಿ ನಡುವಿನಿಂದ ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಅವನು ಉತ್ತರಿಸಿದ. ಉತ್ತರಿಸುವಾಗ ಅವನ ಮುಖ ಒಳ್ಳೆಯ ನಂಟರ ವಿಷಯ ಹೇಳುವವರ ಮುಖದ ಹಾಗೆ ಅರಳಿತು.

ಮರುದಿನ ಮೇಷ್ಟರು ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವನ ವಿಷಯವನ್ನು ಹೇಳಿದರು. “ಪ್ರಾಮಾಣಿಕ ವ್ಯಾಪಾರಿ ಹೇಗಿರುತ್ತಾನೆಂದು ನೋಡಬೇಕಾದರೆ ಅವನು ಬರುವ ಮಂಗಳವಾರ ಗೇಟಿನ ಹತ್ತಿರ ಹೋಗಿ ನೋಡಿ” ಎಂದರು. ಊರಿನಲ್ಲಿ ಆ ಮಾತು ಹರಡಿತು. ಮಕ್ಕಳು ಅವನನ್ನು ಚೀಟಿಮಾಮ ಎಂದರು. ದೊಡ್ಡವರು ಚೀಟಿಯಣ್ಣ ಎಂದರು. ಅವನ ಸ್ವಂತ ಹೆಸರನ್ನು ಹೆಂಡತಿ ಮೊದಲಿನಿಂದಲೂ ಹೇಳುತ್ತಿರಲಿಲ್ಲ. ಈಗ ಬೇರೆಯವರೂ ಹೇಳುವುದನ್ನು ಬಿಟ್ಟರು.

ಆ ಹೊಗಳಿಕೆ ಅವನನ್ನು ಎತ್ತಿದಷ್ಟೇ ಕಟ್ಟಿಯೂ ಹಾಕಿತು. ಮೇಷ್ಟರಿಗೆ ಅದು ಆಗ ತಿಳಿಯಲಿಲ್ಲ.

ಚೀಟಿಯಣ್ಣ ಓದಲು ಕಲಿತದ್ದು ಶಾಲೆಯಲ್ಲಾದರೂ ಓದಿದ್ದು ಬಸ್ಸಿನಲ್ಲಿ. ಅವನ ಬಸ್ಸು ಕೊನೆಯ ಸ್ಟಾಪಿನಲ್ಲಿ ನಲವತ್ತು ನಿಮಿಷ ನಿಲ್ಲುತ್ತಿತ್ತು. ಡ್ರೈವರು ಮುಖಕ್ಕೆ ಟವೆಲು ಹಾಕಿಕೊಂಡು ನಿದ್ದೆ ಹೋದರೆ, ಇವನು ಯಾರೋ ಸೀಟಿನಲ್ಲಿ ಬಿಟ್ಟುಹೋದ ಪುಸ್ತಕವನ್ನು ತೆರೆಯುತ್ತಿದ್ದ. ಓದುವುದು ನಿಧಾನ, ತುಟಿ ಅಲ್ಲಾಡಿಸದೆ ಒಂದು ಸಾಲೂ ಮುಂದಕ್ಕೆ ಹೋಗುತ್ತಿರಲಿಲ್ಲ. ತಿಂಗಳಿಗೆ ಮೂರು ಪುಸ್ತಕವೆಂದರೆ ಹೆಚ್ಚು. ಡ್ರೈವರೇ ಟಿಕೆಟ್ ಕೊಡುವ ಹೊಸ ಬಸ್ಸುಗಳು ಬಂದಾಗ ಕಂಡಕ್ಟರುಗಳನ್ನು ಮನೆಗೆ ಕಳುಹಿಸಿದರು. ಮನೆಗೆ ಹೋದವನು ನಲವತ್ತಾರನೆಯ ವಯಸ್ಸಿನಲ್ಲಿ ವ್ಯಾನು ಓಡಿಸುವುದನ್ನು ಕಲಿತ. “ಇಷ್ಟು ವರ್ಷ ಹಿಂದೆ ನಿಂತು ರೈಟ್ ರೈಟ್ ಅಂದಿದ್ದೀರಿ. ಈಗ ಮುಂದೆ ಕೂತಿದ್ದೀರಿ. ಎಡ ಯಾವುದು ಬಲ ಯಾವುದು ಅಂತಾದ್ರೂ ಗೊತ್ತಿದೆಯಾ?” ಎಂದು ಹೆಂಡತಿ ಕೇಳಿದಳು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಟ್ಟೆ ಕತ್ತರಿಸುವ ಅದೇ ಉದ್ದನೆಯ ಮೇಜಿನ ಮೇಲೆ ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಕೊಡುತ್ತಿದ್ದಳು. ಚೀಟಿಗಳನ್ನು ಕತ್ತರಿಸಿದ್ದೂ ಅವಳದೇ ಕತ್ತರಿ.

ವ್ಯಾನಿನ ಹಲಗೆಗಳನ್ನು ಮಾಡಿಕೊಟ್ಟವನು ಟ್ಯಾಂಕಿನ ಬೀದಿಯ ಬಡಗಿ. ನೀರಿನ ದೊಡ್ಡ ಟ್ಯಾಂಕಿನ ಕೆಳಗೆ ಸಾಲಾಗಿ ನಿಂತ ಸಣ್ಣ ಮನೆಗಳಲ್ಲಿ ಅವನದು ನಾಲ್ಕನೆಯದು. ಬಡಗಿಯ ಹೆಂಡತಿ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಎಲ್ಲರ ಬಾಯಲ್ಲೂ ಟೈಪಿಂಗಮ್ಮ. ಬಡಗಿ ಎರಡು ದಿನ ವ್ಯಾನಿನೊಳಗೆ ಮೊಣಕಾಲೂರಿ ಕೆಲಸ ಮಾಡಿದ.

“ಹಲಗೆ ಹಿಂದಕ್ಕೆ ಒಂದು ಬೆರಳು ವಾಲಿರ್ಬೇಕು ಕಂಡಕ್ಟ್ರೇ. ತಿರುವಲ್ಲಿ ಪುಸ್ತಕ ನಿಮ್ಮ ಮಾತು ಕೇಳಲ್ಲ, ಹಲಗೆ ಮಾತು ಕೇಳುತ್ತೆ.”

“ನೀವೂ ಒಂದು ಪುಸ್ತಕ ತಗೊಳ್ಳಿ ಮೇಸ್ತ್ರಿ, ನನ್ನ ಖುಷಿಗೆ.”

“ನಂಗೆಲ್ಲಿ ಓದು? ಮೂರನೇ ಕ್ಲಾಸಿಗೇ ಉಳಿ ಹಿಡಿದೆ. ಇವಳು ಓದ್ತಾಳೆ, ನಾನು ಕೇಳ್ತೀನಿ. ಸ್ವಲ್ಪ ನಗು ಇರೋದು ಕೊಡಿ. ಇವಳಿಗೆ ಬಿಟ್ರೆ ಬರೀ ಅಳೋ ಪುಸ್ತಕ ತರ್ತಾಳೆ.”

ಅಂದಿನಿಂದ ಗುರುವಾರ ನಾಲ್ಕು ಗಂಟೆ ಎಂದರೆ ಟ್ಯಾಂಕಿನ ಬೀದಿ. ಒಂದು ಸೀಟಿ, ನಾಲ್ಕನೆಯ ಮನೆಯಿಂದ ಟೈಪಿಂಗಮ್ಮ ಕನ್ನಡಕ ಹಾಕಿಕೊಂಡು ಹೊರಗೆ ಬರುವರು. ಪುಸ್ತಕದಲ್ಲಿ ಅಚ್ಚಿನ ತಪ್ಪು ಕಂಡರೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಮುಂದಿನ ವಾರ ಅವನಿಗೆ ತೋರಿಸುವರು, ಅವನೇ ಅಚ್ಚು ಹಾಕಿದವನೇನೋ ಎಂಬಂತೆ.

ವರ್ಷ ಕಳೆದ ಹಾಗೆ ಎಂಬತ್ತನಾಲ್ಕು ಪುಸ್ತಕ ಇನ್ನೂರಾಯಿತು, ಇನ್ನೂರು ನಾನೂರಾಯಿತು. ಜನ ಹೊಸದನ್ನು ಕೇಳುತ್ತಿದ್ದರು. ಅವನ ತುಟಿಗಳು ಮಾತ್ರ ಹಳೆಯ ವೇಗದಲ್ಲಿಯೇ ಅಲ್ಲಾಡುತ್ತಿದ್ದವು. ಅವನು ಸ್ನಾನದ ಮನೆಯ ಕಲ್ಲಿನ ಮೇಲೆ ಕೂತು ಓದಿದ, ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದಿದ, ರೈಲ್ವೆ ಗೇಟು ಹಾಕಿದಾಗ ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಓದಿದ. ಹಿಂದಿನ ಲಾರಿಯವರು ಹಾರನ್ ಬಾರಿಸಿ ಬೈದರು. ಆದರೂ ಓದದ ಪುಸ್ತಕಗಳ ರಾಶಿ ಮೇಜಿನ ಕೆಳಗೆ ಬೆಳೆಯಿತು. ಬೋರ್ಡಿನ ಮಾತಿಗೆ ಕಟ್ಟುಬಿದ್ದು ಅವನು ಅವುಗಳನ್ನು ವ್ಯಾನಿಗೆ ಹತ್ತಿಸುತ್ತಿರಲಿಲ್ಲ.

ಮೊದಲನೆಯ ಸುಳ್ಳು ಬಹಳ ಸಣ್ಣದಾಗಿತ್ತು. ಆಸ್ಪತ್ರೆಯ ರಸ್ತೆಯಲ್ಲಿ ಒಬ್ಬ ನರ್ಸು ಒಂದು ಹೊಸ ಪುಸ್ತಕವನ್ನು ಮೂರು ವಾರದಿಂದ ಕೇಳುತ್ತಿದ್ದಳು. ನಾಲ್ಕನೆಯ ವಾರ ಅವನು ಅದರ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿದ್ದ ಹತ್ತು ಸಾಲನ್ನು ಓದಿ, ‘ಓದಿದ್ದೇನೆ. ಚೆನ್ನಾಗಿದೆ’ ಎಂದು ಬರೆದುಕೊಟ್ಟ. ಬೆವರು ಬಂತು. ಅವಳು ಮಾತ್ರ ಮುಂದಿನ ವಾರ, “ಹೌದು ಚೀಟಿಯಣ್ಣ, ಚೆನ್ನಾಗಿತ್ತು” ಎಂದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಎರಡನೆಯ ಸುಳ್ಳಿಗೆ ಬೆವರು ಕಡಿಮೆ ಬಂತು. ಆರನೆಯ ವರ್ಷದ ಹೊತ್ತಿಗೆ ಅವನು ಭಾನುವಾರ ಮಧ್ಯಾಹ್ನ ಕೂತು, ರಟ್ಟಿನ ಚಿತ್ರ ನೋಡಿ, ಒಂದೇ ಬೈಠಕ್ಕಿನಲ್ಲಿ ಮೂವತ್ತು ಚೀಟಿ ಬರೆಯುತ್ತಿದ್ದ. ಬರೆಯುವುದರಲ್ಲಿ ಒಂದು ಕೈಚಳಕವೂ ಬಂದಿತ್ತು. ‘ಓದಿದ್ದೇನೆ. ಕೊನೆಯಲ್ಲಿ ಕಣ್ಣು ಒದ್ದೆಯಾಯಿತು.’ ‘ಓದಿದ್ದೇನೆ. ಎರಡು ಸಲ.’

ಒಂದು ಸಲ ಮೇಷ್ಟರು ಅಂಥದೊಂದು ಪುಸ್ತಕದ ಕೊನೆಯ ಬಗ್ಗೆ ಏನೋ ಕೇಳಿದರು. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಚೀಟಿಯಣ್ಣ ಇದ್ದಕ್ಕಿದ್ದಂತೆ ಬಗ್ಗಿ ವ್ಯಾನಿನ ಟೈರನ್ನು ನೋಡತೊಡಗಿದ. “ಗಾಳಿ ಕಮ್ಮಿ ಆದ ಹಾಗಿದೆ ಸಾರ್” ಎಂದ. ಟೈರು ಗಟ್ಟಿಯಾಗಿಯೇ ಇತ್ತು. ಮೇಷ್ಟರಿಗೆ ಅರ್ಥವಾಯಿತು. ಮೂವತ್ತೈದು ವರ್ಷ ಹೋಂವರ್ಕ್ ಮಾಡಿಕೊಂಡು ಬಾರದ ಮಕ್ಕಳ ಮುಖ ನೋಡಿದವರಿಗೆ ಅದು ಅರ್ಥವಾಗದೆ ಇರುತ್ತದೆಯೇ? ಆದರೆ ಅವನಿಗೆ ಮುಜುಗರವಾದೀತೆಂದು ಸುಮ್ಮನಾದರು. ಆ ದಿನ ಒಂದು ಮಾತು ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೆಂದು ಅವರಿಗೆ ಈಗಲೂ ಚುಚ್ಚುತ್ತದೆ.

ಆ ವರ್ಷ ಬಡಗಿ ಹಾಸಿಗೆ ಹಿಡಿದ. ನಲವತ್ತು ವರ್ಷ ಮರದ ಹೊಟ್ಟು ಕುಡಿದ ಶ್ವಾಸಕೋಶ ಇನ್ನು ಸಾಕೆಂದಿತು. ಒಂದು ಗುರುವಾರ ಟೈಪಿಂಗಮ್ಮ ಮನೆಯ ಬಾಗಿಲನ್ನು ಅರ್ಧ ತೆರೆದಿಟ್ಟು ವ್ಯಾನಿನ ಹತ್ತಿರ ಬಂದರು.

“ಡಾಕ್ಟ್ರು ಕೈ ಚೆಲ್ಲಿದ್ದಾರೆ” ಎಂದರು, ಹಾಲಿನವನು ಬಂದಿಲ್ಲವೆಂದು ಹೇಳಿದಷ್ಟೇ ಸರಳವಾಗಿ. “ಅವರಿಗೆ ನಗ್ಬೇಕಂತೆ. ಅಳಿಸೋದು ಬೇಡ, ಅದು ಮನೇಲಿ ಬೇಕಾದಷ್ಟಿದೆ. ನಗಿಸೋದು ಕೊಡಿ.”

ಚೀಟಿಯಣ್ಣ ನಿಜವಾಗಿಯೂ ಓದಿ ನಕ್ಕಿದ್ದ ಪುಸ್ತಕಗಳಿದ್ದುದು ಮೂರೇ ಮೂರು. ಒಂದನ್ನು ತೋರಿಸಿದ. “ಅದು ಆಯ್ತು.” ಎರಡನೆಯದು. “ಅದೂ ಆಯ್ತು.” ಮೂರನೆಯದನ್ನು ಅವರೇ ಎಂದೋ ಓದಿ ಮುಗಿಸಿ ಮುಂದಿನ ಬೀದಿಯವರಿಗೆ ಕೊಟ್ಟಿದ್ದರು. ಅವನ ಕೈ ಎರಡನೆಯ ಹಲಗೆಯ ಮೇಲೆ ಹೋಯಿತು. ಅಲ್ಲಿ ಹೊಸ ಪುಸ್ತಕವೊಂದರ ಎರಡು ಪ್ರತಿಗಳಿದ್ದವು. ರಟ್ಟಿನ ಮೇಲೆ ತಲೆಕೆಳಗಾಗಿ ಬಿದ್ದ ಕೊಡೆ, ಕೊಡೆಯೊಳಗೆ ಕೂತ ಬೆಕ್ಕು. ಆ ಬೆಕ್ಕಿನ ಮುಖ ನೋಡಿಯೇ ಅವನು ಚೀಟಿ ಬರೆದಿದ್ದ: ‘ಓದಿದ್ದೇನೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.’

ಟೈಪಿಂಗಮ್ಮ ಚೀಟಿಯನ್ನು ಓದಿ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. “ನಿಜವಾಗ್ಲೂ ಅಷ್ಟು ನಕ್ರಾ?”

ಚೀಟಿ ಬರೆಯುವಾಗ ಸುಳ್ಳು ಕೈಯದು, ಈಗ ಬಾಯಿಯದಾಗಬೇಕಿತ್ತು. ತೆರೆದ ಅರ್ಧ ಬಾಗಿಲಿನೊಳಗಿಂದ ಕೆಮ್ಮು ಕೇಳಿಸಿತು.

“ಹೌದಮ್ಮ” ಎಂದ ಅವನು. “ನಮ್ಮನೆಯವಳು ಏನಾಯ್ತು ಅಂತ ಓಡಿ ಬಂದ್ಲು, ಹಾಗೆ ನಕ್ಕೆ.”

ಮುಂದಿನ ಎರಡು ಗುರುವಾರ ಸೀಟಿ ಊದಿದರೂ ಟೈಪಿಂಗಮ್ಮ ಹೊರಗೆ ಬರಲಿಲ್ಲ, ರೋಗಿಯ ಪಕ್ಕದಲ್ಲಿದ್ದಾರೆಂದು ಅವನು ಮುಂದಕ್ಕೆ ಹೋದ. ಹದಿನೈದು ದಿನದ ಮೇಲೆ, ಹೆದ್ದಾರಿಯ ಪಕ್ಕ ಪಂಕ್ಚರ್ ಹಾಕುವವನಿಗೆ ಕಾಯುತ್ತ, ಅವನು ಬೇಸರ ಕಳೆಯಲು ಉಳಿದಿದ್ದ ಕೊಡೆಯ ಪುಸ್ತಕವನ್ನು ತೆರೆದ. ಮೊದಲ ಪುಟದಲ್ಲಿಯೇ ಒಬ್ಬ ಮನುಷ್ಯ ಕೊಡೆ ಹಿಡಿದುಕೊಂಡು ಆಸ್ಪತ್ರೆಗೆ ಸೇರುತ್ತಾನೆ. ಮೂರನೆಯ ಪುಟದಲ್ಲಿ ಡಾಕ್ಟರು ಅವನ ಹೆಂಡತಿಯನ್ನು ಹೊರಗೆ ಕರೆದು ಮಾತನಾಡುತ್ತಾರೆ. ಚೀಟಿಯಣ್ಣನ ತುಟಿಗಳು ಅಲ್ಲಾಡುವುದನ್ನು ನಿಲ್ಲಿಸಿದವು. ಅವನು ಪುಟಗಳನ್ನು ತಿರುವಿದ, ಎಲ್ಲಾದರೂ ಒಂದು ನಗು ಇದೆಯೇ ಎಂದು. ಅದೇ ವಾರ್ಡು, ಅದೇ ಹಾಸಿಗೆ. ಪಕ್ಕದ ಹಾಸಿಗೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಬೆಕ್ಕು ಬಂದದ್ದು ಕೊನೆಯ ಪುಟದಲ್ಲಿ, ಯಾರೂ ಕೇಳದೆ ಉಳಿದ ಕೊಡೆಯೊಳಗೆ ಮಲಗಲು.

“ಆಯ್ತಣ್ಣ, ಟೈರ್ ರೆಡಿ” ಎಂದು ಪಂಕ್ಚರಿನವನು ಎರಡು ಸಲ ಕರೆದ. ಚೀಟಿಯಣ್ಣನಿಗೆ ಕೇಳಿಸಲಿಲ್ಲ. ತಾನು ಆ ಮನೆಯೊಳಗೆ ಏನನ್ನು ಕಳುಹಿಸಿದೆ, ಅದನ್ನು ಯಾರ ಬಾಯಿಂದ ಓದಿಸಿದೆ, ಯಾರ ಕಿವಿಗೆ ಹಾಕಿಸಿದೆ ಎಂದು ಯೋಚಿಸಿದಾಗ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಗುರುವಾರ ಹೋಗಿ ಕೈಮುಗಿದು ಹೇಳಿಬಿಡಬೇಕೆಂದು ನಿಶ್ಚಯಿಸಿದ. ಆದರೆ ಬುಧವಾರ ಪ್ಲೈವುಡ್ ಅಂಗಡಿಯವನು ವ್ಯಾನು ನಿಲ್ಲಿಸಿ ಹೇಳಿದ: “ನಿನ್ನ ಹಲಗೆ ಮಾಡಿದ ಮೇಸ್ತ್ರಿ ಹೋಗ್ಬಿಟ್ಟ ಕಣಪ್ಪ, ಸೋಮವಾರ. ಗೊತ್ತಾಗ್ಲಿಲ್ವಾ?”

ಗುರುವಾರ ನಾಲ್ಕು ಗಂಟೆಗೆ ಅವನು ಟ್ಯಾಂಕಿನ ಬೀದಿಯ ಮೂಲೆಯವರೆಗೆ ಬಂದ. ನಾಲ್ಕನೆಯ ಮನೆಯ ಮುಂದೆ ಎರಡು ಕುರ್ಚಿಗಳು ಕಂಡವು. ಅವನು ಸ್ಟಿಯರಿಂಗನ್ನು ತಿರುಗಿಸಿದ. ಗಾಡಿಯ ಮೇಲೆ ಅಂಗಡಿ ಇಟ್ಟವನಿಗೆ ಇದೊಂದು ಶಾಪ: ನಾಚಿಕೆಯಾದ ಕಡೆಗೆ ಹೋಗದೆಯೇ ಬದುಕಬಹುದು. ಕಟ್ಟಡದ ಅಂಗಡಿಯವನಾದರೆ ಟೈಪಿಂಗಮ್ಮ ಮೆಟ್ಟಿಲು ಹತ್ತಿ ಬಂದು ಕೇಳುತ್ತಿದ್ದರು. ಇವನು ತಿರುಗಿದ, ಅಷ್ಟೇ. ತಿರುವಿನಲ್ಲಿ ಒಂದು ಪುಸ್ತಕವೂ ಜಾರಲಿಲ್ಲ. ಹಲಗೆಗಳು ಒಂದು ಬೆರಳು ಹಿಂದಕ್ಕೆ ವಾಲಿದ್ದವು.

ಐದು ತಿಂಗಳು ಅವನು ಆ ಬೀದಿಗೆ ಕಾಲಿಡಲಿಲ್ಲ. ಕೇಳಿದವರಿಗೆಲ್ಲ, “ಅಲ್ಲಿ ರಸ್ತೆ ಅಗೆದಿದ್ದಾರೆ, ಪೈಪು ಹಾಕ್ತಿದ್ದಾರೆ” ಎಂದ. ಮನೆಯಲ್ಲಿಯೂ ಅದನ್ನೇ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರಾದರೂ ಕೊಡೆ ಬಿಚ್ಚಿದರೂ ಅವನ ಕಿವಿ ಕೆಂಪಾಗುತ್ತಿತ್ತು. ಹೊಸ ಚೀಟಿ ಬರೆಯುವುದನ್ನು ನಿಲ್ಲಿಸಿದ. ಹಳೆಯವನ್ನು ತೆಗೆಯುವ ಧೈರ್ಯವೂ ಬರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಾಗ ಬೋರ್ಡಿನ ಕಡೆ ತಲೆ ಎತ್ತದಿರುವುದನ್ನು ಅಭ್ಯಾಸ ಮಾಡಿಕೊಂಡ.

ಒಂದು ಮಂಗಳವಾರ ಮೇಷ್ಟರು ಸಿಕ್ಕಿದರು.

“ಟ್ಯಾಂಕಿನ ಬೀದಿಗೆ ಯಾಕಪ್ಪಾ ಹೋಗ್ತಿಲ್ಲ? ನಾನು ವಾಕಿಂಗ್ ಹೋಗುವಾಗ ನೋಡ್ತೀನಿ. ಗುರುವಾರ ನಾಲ್ಕು ಗಂಟೆಗೆ ಟೈಪಿಂಗಮ್ಮ ಗೇಟಿನ ಹತ್ತಿರ ನಿಂತಿರ್ತಾರೆ. ಕೈಯಲ್ಲಿ ಒಂದು ಪುಸ್ತಕ ಇರುತ್ತೆ.”

“ಎಂಥ ಪುಸ್ತಕ ಸಾರ್?”

“ಅದರ ಮೇಲೆ ಯಾವುದೋ ಬೆಕ್ಕಿದೆ.”

ಆ ಪುಸ್ತಕವನ್ನು ತನ್ನ ಮುಖಕ್ಕೆ ಎಸೆಯಲೆಂದೇ ಅವರು ಕಾಯುತ್ತಿದ್ದಾರೆಂದು ಚೀಟಿಯಣ್ಣನಿಗೆ ಖಚಿತವಾಯಿತು. ಎಸೆದರೆ ಎಸೆಯಲಿ ಎನ್ನುವಷ್ಟು ಎದೆ ಅವನಿಗಿರಲಿಲ್ಲ. ಅಂದು ಸಂಜೆ ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು, ಅಂಗಿಯ ಕಾಲರು ತಿರುಗಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

“ರೀ, ಟ್ಯಾಂಕಿನ ಬೀದೀಲಿ ರಸ್ತೆ ಅಗೆದಿದ್ದಾರೆ ಅಂದ್ರಲ್ಲ?”

“ಹೂಂ.”

“ಅಂಗಿ ಗುಂಡಿ ತರೋಕೆ ಇವತ್ತು ಅದೇ ರಸ್ತೇಲಿ ನಡ್ಕೊಂಡು ಬಂದೆ. ಕನ್ನಡಿ ಇಟ್ಟ ಹಾಗಿದೆ. ಅಗೆದಿರೋದು ಎಲ್ಲಿ, ನಿಮ್ಮ ತಲೇಲಾ?”

ಅವನು ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ನರ್ಸಿನ ಪುಸ್ತಕದಿಂದ ಮೊದಲುಮಾಡಿ, ಬೆಕ್ಕಿನ ಮುಖ ನೋಡಿ ಬರೆದದ್ದನ್ನೂ, ಇವಳು ಓಡಿ ಬಂದಳೆಂದು ಕತೆ ಕಟ್ಟಿದ್ದನ್ನೂ ಹೇಳಿದ. ನಡುವೆ ಎಲ್ಲಿಯೋ ಯಂತ್ರದ ಸದ್ದು ನಿಂತಿತು.

“ನಾನು ಓಡಿ ಬಂದೆನಾ?” ಎಂದಳು ಆಕೆ. “ನಿಮ್ಮ ಸುಳ್ಳಿಗೆ ನನ್ನನ್ನೂ ಓಡಿಸಿದ್ರಲ್ಲ!” ಕಾಲರನ್ನು ಮಡಿಸಿ ಪಕ್ಕಕ್ಕಿಟ್ಟು ಮತ್ತೆ ಕೇಳಿದಳು: “ನಿಮ್ಮ ಬಸ್ಸಲ್ಲಿ ಟಿಕೆಟ್ ಇಲ್ಲದೋರು ಚೆಕಿಂಗಿನವರನ್ನ ನೋಡಿದ್ರೆ ಏನು ಮಾಡ್ತಿದ್ರು?”

“ಬಾಗಿಲ ಹತ್ತಿರ ಹೋಗಿ ನಿಲ್ತಿದ್ರು. ಮುಂದಿನ ಸ್ಟಾಪಲ್ಲಿ ಇಳಿದುಬಿಡೋಕೆ.”

“ಆಗ ನೀವೇನು ಅಂತಿದ್ರಿ?”

‘ಮರ್ಯಾದಸ್ಥರ ಹಾಗೆ ಕಾಣ್ತೀರಿ, ನಾಚಿಕೆ ಆಗಲ್ವಾ?’ ಎಂದು ಅವನು ಇಪ್ಪತ್ತೆರಡು ವರ್ಷ ಕೇಳಿದ್ದ. ಕೇಳಿಸಿಕೊಂಡವರ ಮುಖಗಳು ಈಗ ಒಂದೊಂದಾಗಿ ನೆನಪಾದವು.

ಆ ಗುರುವಾರ ನಾಲ್ಕು ಗಂಟೆಗೆ ವ್ಯಾನು ಟ್ಯಾಂಕಿನ ಬೀದಿಯಲ್ಲಿ ನಿಂತಿತು. ಸೀಟಿಯನ್ನು ಬಾಯಿಗಿಟ್ಟುಕೊಂಡ. ಊದುವ ಅಗತ್ಯ ಬೀಳಲಿಲ್ಲ. ಟೈಪಿಂಗಮ್ಮ ಗೇಟಿನ ಹತ್ತಿರವೇ ಇದ್ದರು.

“ಬನ್ನಿ” ಎಂದರು. “ಐದು ತಿಂಗಳು ಲೇಟು. ನಿಮ್ಮ ಬಸ್ಸೂ ಹೀಗೇ ಬರ್ತಿತ್ತಾ?”

“ಅಮ್ಮ, ನಾನು ಆ ಪುಸ್ತಕ ಓದಿರ್ಲಿಲ್ಲ.”

“ಗೊತ್ತು. ಮೂರನೇ ಪುಟಕ್ಕೇ ಗೊತ್ತಾಯ್ತು.”

ಅವನು ವ್ಯಾನಿನ ಬಾಗಿಲನ್ನು ಹಿಡಿದುಕೊಂಡ. ಟೈಪಿಂಗಮ್ಮ ವ್ಯಾನಿನ ಹಿಂದಿನ ಮಡಿಸುವ ಮೆಟ್ಟಿಲಿನ ಮೇಲೆ ಕೂತರು, ಕಾಲು ನೋಯುತ್ತಿತ್ತೆಂದು ತೋರುತ್ತದೆ. ಪುಸ್ತಕ ಮಡಿಲಲ್ಲಿತ್ತು.

“ಡಾಕ್ಟ್ರು ಹೆಂಡತೀನ ಹೊರಗೆ ಕರೆದ್ರು ಅನ್ನೋವರೆಗೆ ಗಟ್ಟಿಯಾಗೇ ಓದಿದೆ. ಆಮೇಲೆ ಕಣ್ಣು ಮುಂದಿನ ಸಾಲಿಗೆ ಹೋಯ್ತು, ಬಾಯಿ ನಿಂತುಹೋಯ್ತು. ಇವರು ಹಾಸಿಗೆಯಿಂದ, ‘ಹೂಂ, ಕರೆದು ಏನಂದ್ರು? ಕಂಡಕ್ಟ್ರು ಅಷ್ಟು ನಕ್ಕಿದ್ದಾರೆ, ನಗು ಎಲ್ಲಿ ಬರುತ್ತೆ?’ ಅಂದ್ರು. ಏನು ಹೇಳ್ಲಿ? ‘ನಿಮ್ಮ ಯಜಮಾನರು ಆರಾಮಾಗಿದ್ದಾರೆ, ಕೊಡೆಗೇ ಜ್ವರ ಬಂದಿದೆ ಅಂದ್ರು’ ಅಂತ ಓದಿದೆ.”

ಚೀಟಿಯಣ್ಣನಿಗೆ ತಲೆ ಎತ್ತಲಾಗಲಿಲ್ಲ.

“ಪುಟ ನೋಡ್ಕೊಂಡು, ಅಲ್ಲಿಲ್ಲದ್ದನ್ನ ಓದಿದೆ. ನರ್ಸು ಬಂದು ಕೊಡೆಗೆ ಥರ್ಮಾಮೀಟರ್ ಇಟ್ಟಳು. ಕೊಡೆಗೆ ಹಾಸಿಗೆ ಕೊಟ್ಟರು, ಆ ಮನುಷ್ಯ ನೆಲದ ಮೇಲೆ ಮಲಗಿದ. ಕೊನೆಗೆ ಕೊಡೆಗೇ ಮೊದಲು ಡಿಸ್ಚಾರ್ಜ್ ಆಯ್ತು, ಇವನು ಬಿಲ್ಲು ಕಟ್ಟೋಕೆ ಉಳ್ಕೊಂಡ. ಹನ್ನೊಂದು ದಿನ ಓದಿದೆ. ಮೂವತ್ತು ವರ್ಷ ಟೈಪಿಂಗ್ ಕಲಿಸಿದ್ದೀನಿ. ಇದ್ದದ್ದನ್ನ ಇದ್ದ ಹಾಗೆ ಹೊಡೀಬೇಕು ಅಂತ ಮಕ್ಕಳ ಬೆರಳಿಗೆ ಸ್ಕೇಲಲ್ಲಿ ಹೊಡೆದಿದ್ದೀನಿ. ಅಂಥವಳು ಕಟ್ಕೊಂಡವರ ಮುಂದೆ ಕೂತು ಹನ್ನೊಂದು ದಿನ ಸುಳ್ಳು ಓದಿದೆ.”

“ಅವರು… ನಕ್ರಾ ಅಮ್ಮ?”

“ನಕ್ರು. ನಕ್ಕು ನಕ್ಕು ಕೆಮ್ಮಿದ್ರು. ನಿಮಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ಅದನ್ನ.” ಅವರ ದನಿ ಗಟ್ಟಿಯಾಯಿತು. “ನಾನು ಓದ್ತಿರೋದು ಅದರಲ್ಲಿಲ್ಲ ಅಂತ ಅವರಿಗೆ ಗೊತ್ತಾಗಿತ್ತೋ ಇಲ್ವೋ, ಅದೇ ನಂಗೆ ಇವತ್ತಿಗೂ ಗೊತ್ತಿಲ್ಲ. ಕೇಳೋ ಹಾಗೂ ಇಲ್ಲ. ಅದೊಂದು ನಿಮ್ಮಿಂದ ಆಯ್ತು.”

ಬೀದಿಯಲ್ಲಿ ಯಾರೋ ಬಕೆಟ್ಟು ಹಿಡಿದುಕೊಂಡು ಹಾದುಹೋದರು.

“ಮತ್ತೆ ಯಾಕೆ ಕಾಯ್ತಿದ್ರಿ?” ಎಂದು ಅವನು ಮೆಲ್ಲಗೆ ಕೇಳಿದ.

“ಅವರದೊಂದು ಮಾತಿತ್ತು, ಹೇಳೋಕೆ. ಕೊನೇ ದಿನ ಅಂದ್ರು, ‘ಕಂಡಕ್ಟ್ರಿಗೆ ಹೇಳು, ಒಳ್ಳೆ ಪುಸ್ತಕ ಕೊಟ್ರು ಅಂತ. ಇದನ್ನ ಬರೆದವರದ್ದೇ ಇನ್ನೊಂದು ಇದ್ರೆ ತಗೊಂಡು ಬಾ’ ಅಂತ. ಹೋದವರ ಮಾತು, ಮುಟ್ಟಿಸ್ಬೇಕಲ್ಲ. ಮುಟ್ಟಿಸಿದೆ.”

ಅವರು ಎದ್ದರು. ಪುಸ್ತಕವನ್ನು ತೆರೆದು, ಅದರೊಳಗಿನ ಹಳದಿ ಚೀಟಿಯನ್ನು ಮಾತ್ರ ತೆಗೆದು ಅವನ ಕೈಗಿಟ್ಟರು. “ಪುಸ್ತಕ ನಂದು, ಇಟ್ಕೊಳ್ತೀನಿ. ಇದು ನಿಮ್ಮದು.” ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟು ಹಾಕಿಕೊಂಡಿತ್ತು.

ಮರುದಿನ ವ್ಯಾನು ಎಲ್ಲಿಗೂ ಹೊರಡಲಿಲ್ಲ. ಗಂಡ ಹೆಂಡತಿ ಇಬ್ಬರೂ ನಾನೂರ ಹನ್ನೆರಡು ಪುಸ್ತಕಗಳನ್ನು ಇಳಿಸಿ, ಕತ್ತರಿಸುವ ಮೇಜಿನ ಎರಡೂ ಕಡೆ ಕೂತರು. ಆಕೆ ಒಂದೊಂದನ್ನೇ ಎತ್ತಿ, “ಓದಿದ್ದೀರಾ?” ಎಂದು ಕೇಳುವಳು. ಅವನು ಹೌದು ಅಥವಾ ಇಲ್ಲ ಎನ್ನುವನು. ಇಲ್ಲ ಎನ್ನುವಾಗಲೆಲ್ಲ ಅವಳು ಚೀಟಿಯನ್ನು ತೆಗೆದು ಬಟ್ಟೆಯ ಚೂರಿನ ಬುಟ್ಟಿಗೆ ಹಾಕುವಳು. ಮೊದಮೊದಲು ಅವಳು, “ಇದಕ್ಕೆ ಕಣ್ಣು ಒದ್ದೆಯಾಯ್ತು ಅಂತ ಬೇರೆ ಬರೆದಿದ್ದೀರಿ!” ಎಂದು ನಕ್ಕಳು. ನೂರು ದಾಟಿದ ಮೇಲೆ ನಗು ನಿಂತಿತು. ಸಂಜೆಯ ಹೊತ್ತಿಗೆ ಬುಟ್ಟಿ ತುಂಬಿತು. ಹೌದು ಎಂದಿದ್ದು ನೂರ ಮೂವತ್ತೊಂದಕ್ಕೆ.

ಬೋರ್ಡನ್ನು ಅವನೇ ಏಣಿ ಹತ್ತಿ ಅಳಿಸಿದ. ಅಳಿಸಿದ ಕಾರಣವನ್ನು ಸ್ಟಾಪಿನಿಂದ ಸ್ಟಾಪಿಗೆ ಹೋಗಿ ತಾನೇ ಹೇಳಿದ. ನರ್ಸಿಗೆ ಹೇಳಿದ, ಪ್ಲೈವುಡ್ ಅಂಗಡಿಯವನಿಗೆ ಹೇಳಿದ. “ಏನಪ್ಪಾ ಕಂಡಕ್ಟ್ರೇ, ಇಷ್ಟು ವರ್ಷ ನೀನೇ ಟಿಕೆಟ್ ಇಲ್ಲದೆ ಓಡಾಡ್ತಿದ್ದೆ ಅನ್ನು” ಎಂದು ಆತ ನಕ್ಕ. ನಾಲ್ಕು ಜನರ ಮುಂದೆ ನಕ್ಕ. ಚೀಟಿಯಣ್ಣ, “ಹೌದು ಸ್ವಾಮಿ” ಎಂದು ನಿಂತುಕೊಂಡ. ಮಂಗಳವಾರ ಶಾಲೆಯ ಗೇಟಿನ ಹತ್ತಿರ ಮಕ್ಕಳಿಗೂ ಹೇಳಿದ. ಹಿಂದಿನ ಸಾಲಿನಿಂದ ಒಬ್ಬಳು, “ಹಾಗಾದ್ರೆ ನಮ್ಮಪ್ಪ ತಂದಿದ್ದು ಸುಳ್ಳು ಪುಸ್ತಕಾನಾ ಚೀಟಿಮಾಮ?” ಎಂದು ಕೇಳಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕೆಲವರು ಆಮೇಲೆ ವ್ಯಾನಿನ ಹತ್ತಿರ ಬರಲಿಲ್ಲ. ಬರುವವರಲ್ಲಿಯೂ ಕೆಲವರು ಚೀಟಿಯನ್ನು ಓದಿ ಒಂದು ತರಹ ನಗುತ್ತಾರೆ. ಮೇಷ್ಟರು ಆ ಮಂಗಳವಾರ ಅವನ ಪಕ್ಕದಲ್ಲಿ ನಿಂತಿದ್ದರು. ಅವನನ್ನು ಹೊಗಳಿದ ಅದೇ ಬಾಯಿಗೆ ಆ ದಿನ ಒಂದು ಮಾತೂ ಹೊಳೆಯಲಿಲ್ಲ.

ಇದಾಗಿ ಮೂರು ವರ್ಷವಾಯಿತು. ವ್ಯಾನು ಈಗಲೂ ತಿರುಗುತ್ತದೆ. ಬಾಗಿಲಿನ ಮೇಲೆ ಬರಹವಿಲ್ಲ. ಅಳಿಸಿದ ಜಾಗ ಉಳಿದ ಹಸಿರಿಗಿಂತ ಸ್ವಲ್ಪ ಹೆಚ್ಚು ಹಸಿರಾಗಿದೆ. ಪುಸ್ತಕಗಳಲ್ಲಿ ಚೀಟಿಗಳಿವೆ. ‘ಐವತ್ತೆರಡನೆಯ ಪುಟದವರೆಗೆ ಓದಿದ್ದೇನೆ.’ ‘ಓದಿಲ್ಲ. ದಪ್ಪ ನೋಡಿ ಹೆದರಿದೆ.’ ‘ಓದಿದ್ದೇನೆ, ಅರ್ಥವಾಗಲಿಲ್ಲ. ನಿಮಗಾದರೆ ಹೇಳಿ.’ ಚರ್ಮದ ಚೀಲದ ಒಳಜೇಬಿನಲ್ಲಿ, ಹಿಂದೆ ಹರಿದ ಟಿಕೆಟುಗಳನ್ನು ಹಾಕುತ್ತಿದ್ದ ಕಡೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಆ ಚೀಟಿ ಇದೆ. ಅವನು ಅದನ್ನು ಯಾರಿಗೂ ತೋರಿಸುವುದಿಲ್ಲ.

ಗುರುವಾರ ನಾಲ್ಕು ಗಂಟೆಗೆ ಟ್ಯಾಂಕಿನ ಬೀದಿಯಲ್ಲಿ ಒಂದು ಸೀಟಿ ಕೇಳಿಸುತ್ತದೆ. ಮೊದಲ ಒಂದು ವರ್ಷ ನಾಲ್ಕನೆಯ ಮನೆಯ ಬಾಗಿಲು ತೆರೆಯಲಿಲ್ಲ. ಅವನು ಅರ್ಧ ಗಂಟೆ ನಿಂತು, ಎರಡು ಸೀಟಿ ಊದಿ ಹೊರಟುಬಿಡುತ್ತಿದ್ದ. ಎರಡನೆಯ ವರ್ಷದಿಂದ ಟೈಪಿಂಗಮ್ಮ ಬರುತ್ತಾರೆ. ಒಂದು ಪುಸ್ತಕವನ್ನು ಎತ್ತಿ, “ಇದು?” ಎನ್ನುತ್ತಾರೆ. “ಇನ್ನೂ ಇಲ್ಲಮ್ಮ” ಎನ್ನುತ್ತಾನೆ. ಕಿವಿ ಈಗಲೂ ಕೆಂಪಾಗುತ್ತದೆ. ಓದಿದ್ದೇನೆ ಎಂದರೆ ಅವರು ನಡುವಿನಿಂದ ಒಂದು ಪ್ರಶ್ನೆ ಕೇಳುತ್ತಾರೆ.

ಕಳೆದ ತಿಂಗಳು ಅವರು, “ಏನಾದ್ರೂ ನಗಿಸೋದು ಇದ್ರೆ ನೋಡಿ, ನಂಗೇ” ಎಂದರು. ಹಲಗೆಯ ಮೇಲೆ ಒಂದಿತ್ತು. ರಟ್ಟಿನ ಮೇಲೆ ಹಲ್ಲು ಬಿಟ್ಟ ಕತ್ತೆ.

“ಕೊಡಿ ಅದನ್ನ.”

“ಮುಗಿದಿಲ್ಲಮ್ಮ. ಎಂಬತ್ತೆಂಟನೇ ಪುಟದಲ್ಲಿದ್ದೀನಿ. ಇನ್ನೂ ಅರವತ್ತಿದೆ.”

“ಇಲ್ಲಿವರೆಗೆ ಎಷ್ಟು ಸಲ ನಕ್ರಿ?”

“ಎರಡು.”

“ಬರೀ ಎರಡಾ?”

“ಎರಡೇ.”

ಟೈಪಿಂಗಮ್ಮ ಹೂಂ ಎಂದು ಬರಿಗೈಯಲ್ಲಿ ಒಳಗೆ ಹೋದರು. ನಾಲ್ಕು ಗುರುವಾರ ಕಳೆದರೂ ಅವನು ಇನ್ನೂ ಆ ಪುಸ್ತಕವನ್ನು ಕೊಟ್ಟಿಲ್ಲ. ರೈಲ್ವೆ ಗೇಟು ಹಾಕಿದಾಗ ಸ್ಟಿಯರಿಂಗಿನ ಮೇಲೆ ಅದು ತೆರೆದಿರುತ್ತದೆ. ಹಿಂದಿನ ಲಾರಿಯವರು ಹಾರನ್ ಬಾರಿಸುತ್ತಾರೆ. ಮೊನ್ನೆ ಮೇಷ್ಟರು ಆ ದಾರಿಯಲ್ಲಿ ನಡೆದು ಬರುವಾಗ ಕಿಟಕಿಯಿಂದ ಕಂಡಿತು: ತುಟಿಗಳು ಅಲ್ಲಾಡುತ್ತಿದ್ದವು, ಬೆರಳು ಸಾಲಿನ ಕೆಳಗಿತ್ತು, ಪುಟ ನೂರ ಮೂವತ್ತರ ಆಚೆಗಿತ್ತು. ಮುಖದಲ್ಲಿ ಇನ್ನೂ ನಗುವಿರಲಿಲ್ಲ.